ಬೇಸಿಗೆಗೆ ಜೇನುಪೆಟ್ಟಿಗೆ: ನೆರಳು, ಒದ್ದೆ ಗೋಣಿ, ಥರ್ಮಾಕೋಲ್, ಸ್ಥಳಾಂತರ – ನಿಮ್ಮ ಊರಿಗೆ ಯಾವುದು ಹೊಂದುತ್ತದೆ?

ಮಾರ್ಚ್ ಬಂತೆಂದರೆ ಜೇನು ಸಾಕುವವರ ಪ್ರಶ್ನೆಗಳು ಶುರು. ಪೆಟ್ಟಿಗೆ ಮೇಲೆ ಗೋಣಿ ಹಾಸಿ ನೀರು ಚಿಮುಕಿಸಲೋ, ಶೇಡ್ ನೆಟ್ ಕಟ್ಟಲೋ, ಮುಚ್ಚಳದೊಳಗೆ ಥರ್ಮಾಕೋಲ್ ಇಡಲೋ, ಇಲ್ಲ ಪೆಟ್ಟಿಗೆಗಳನ್ನೇ ಎತ್ತಿಕೊಂಡು ತೋಟದ ಸೀಮೆಗೆ ಹೋಗಲೋ? ಕಲಬುರಗಿಯ ಹೊಲದಲ್ಲಿರುವ ಮೆಲ್ಲಿಫೆರಾಕ್ಕೂ (ಯುರೋಪಿನಿಂದ ಬಂದ ಸಾಕುಜೇನು) ಪುತ್ತೂರಿನ ಅಡಿಕೆ ತೋಟದ ತುಡುವೆಗೂ (ನಮ್ಮ ನಾಡಿನ ಸಾಕುಜೇನು) ಒಂದೇ ಉತ್ತರ ಹೇಳಲು ಬರುವುದಿಲ್ಲ. ಒಂದು ಕಡೆ ಜೇನು ಕುಟುಂಬ ಉಳಿಸುವ ಉಪಾಯ ಇನ್ನೊಂದು ಕಡೆ ಎರಿಗೆ, ಅಂದರೆ ಗೂಡಿನ ಮೇಣದ ಹಲ್ಲೆಗೆ, ಬೂಷ್ಟು ಹಿಡಿಸುತ್ತದೆ.

ಆಯ್ಕೆಗೆ ಇಳಿಯುವ ಮೊದಲು ಗೂಡಿನೊಳಗಿನ ಲೆಕ್ಕ ಗೊತ್ತಿರಬೇಕು. ಮೊಟ್ಟೆ, ಮರಿ ಇರುವ ಎರಿಗಳ ನಡುವೆ ನೊಣಗಳು 33ರಿಂದ 36 ಡಿಗ್ರಿ ಸೆಲ್ಸಿಯಸ್ ಶಾಖ ಕಾಯ್ದುಕೊಳ್ಳುತ್ತವೆ. ಹೊರಗಿನ ಗಾಳಿ 30 ಡಿಗ್ರಿ ಇದ್ದಾಗ ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸಿದರೆ ಒಳಗಿನ ಧಗೆ ಹೊರಗೆ ಹೋಗುತ್ತದೆ. ಗಾಳಿಯೇ 38, 40 ಮುಟ್ಟಿದಾಗ ಎಷ್ಟು ಬೀಸಿದರೂ ಒಳಗೆ ಬರುವುದು ಗೂಡಿಗಿಂತ ಬಿಸಿಯಾದ ಗಾಳಿ. ಆಗ ಅವುಗಳಿಗೆ ಉಳಿಯುವ ದಾರಿ ನೀರೊಂದೇ. ಕೆಲಸಗಾರ ನೊಣಗಳು ನೀರು ತಂದು ಎರಿಯ ಕಣಗಳ ಅಂಚಿಗೆ ಹನಿಹನಿಯಾಗಿ ಹಚ್ಚುತ್ತವೆ, ಉಳಿದವು ಬೀಸಿ ಬೀಸಿ ಅದನ್ನು ಆವಿ ಮಾಡುತ್ತವೆ. ಬಲವಾದ ಮೆಲ್ಲಿಫೆರಾ ಕುಟುಂಬ ಕಡುಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರಿನಷ್ಟು ನೀರು ಹೊರುವುದುಂಟು. ನೀರಿಗೆ ಹೋದಷ್ಟು ನೊಣ ಹೂವಿಗೆ ಹೋಗುವುದಿಲ್ಲ. ಆದ್ದರಿಂದ ಬಿಸಿಲು ತಪ್ಪಿಸುವುದು, ನೀರು ಹತ್ತಿರ ಇಡುವುದು – ಇವೆರಡು ಎಲ್ಲ ಊರಿಗೂ ಸಲ್ಲುತ್ತವೆ. ಮಿಕ್ಕಿದ್ದೆಲ್ಲ ನಿಮ್ಮ ಊರಿನ ಹವೆ ನೋಡಿ ಮಾಡುವಂಥದ್ದು.

ಮೊದಲು ಎರಡು ಅಳತೆ

ಸಾಮಾನ್ಯ ಥರ್ಮಾಮೀಟರ್ ಒಂದು ಸಾಕು. ಮಧ್ಯಾಹ್ನ ಎರಡು ಗಂಟೆಗೆ ಪೆಟ್ಟಿಗೆಯ ಹತ್ತಿರದ ನೆರಳಲ್ಲಿ ಹತ್ತು ನಿಮಿಷ ತೂಗುಹಾಕಿ ಓದಿಕೊಳ್ಳಿ. ಆಮೇಲೆ ಅದನ್ನೇ ಒಳಮುಚ್ಚಳದ ಮೇಲೆ, ಹೊರಮುಚ್ಚಳದ ಕೆಳಗೆ ಇಟ್ಟು ಮತ್ತೆ ಹತ್ತು ನಿಮಿಷ ಬಿಡಿ. ಮುಚ್ಚಳದ ಕೆಳಗಿನ ಓದು ನೆರಳಿನ ಓದಿಗಿಂತ ಐದು ಡಿಗ್ರಿಗೂ ಹೆಚ್ಚಿದ್ದರೆ ನಿಮ್ಮ ಪೆಟ್ಟಿಗೆಗೆ ಬಿಸಿಲೇ ಹೊಡೆಯುತ್ತಿದೆ. ಖರ್ಚು ನೆರಳಿಗೆ, ಮುಚ್ಚಳಕ್ಕೆ ಹೋಗಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದು ನೊಣ ಮಾತ್ರ ಬಾಗಿಲಲ್ಲಿ ಜೋತಾಡುತ್ತಿದ್ದರೆ ನೆರಳು ಸಾಕಷ್ಟಿದೆ, ಕೊರತೆ ಇರುವುದು ನೀರಿಗೆ ಅಥವಾ ಒಳಗಿನ ಜಾಗಕ್ಕೆ.

ಎರಡನೆಯದು ಹವೆಯ ತೇವದ ಅಳತೆ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ನೆರಳಲ್ಲಿ ಹಿಡಿದು, ರಟ್ಟಿನಿಂದ ಐದು ನಿಮಿಷ ಗಾಳಿ ಬೀಸಿ. ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇ. 20 ಇರುವ ದಿನ ಈ ಓದು 22ರ ಆಸುಪಾಸಿಗೆ ಇಳಿಯುತ್ತದೆ. ಗಾಳಿ 34 ಇದ್ದು ತೇವಾಂಶ ಶೇ. 70 ಇರುವ ಕರಾವಳಿಯಲ್ಲಿ 29ಕ್ಕೇ ನಿಲ್ಲುತ್ತದೆ. ಒಣ ಓದಿಗೂ ಒದ್ದೆ ಓದಿಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಸಿಕ್ಕರೆ ಒದ್ದೆ ಗೋಣಿ ನಿಮ್ಮಲ್ಲಿ ಕೆಲಸ ಮಾಡುತ್ತದೆ. ಐದಾರರ ಒಳಗಿದ್ದರೆ ಆ ಯೋಚನೆಯನ್ನೇ ಬಿಡಬಹುದು.

ಯಾವುದನ್ನು ನೋಡಿ ಆರಿಸಬೇಕು

ಹವೆ ಒಣದೋ ತೇವದ್ದೋ ಎಂಬುದಾದ ಮೇಲೆ ಜೇನಿನ ಜಾತಿ ನೋಡಬೇಕು. ತುಡುವೆಯ ಕುಟುಂಬ ಚಿಕ್ಕದು. ಬಿಸಿಲು, ಇರುವೆ, ಹಸಿವು ಒಟ್ಟಾಗಿ ಬಂದರೆ ಗೂಡು ಬಿಟ್ಟು ಹಾರಿಹೋಗುತ್ತದೆ. ಮೆಲ್ಲಿಫೆರಾ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ, ಅಲ್ಲೇ ಇದ್ದು ಸೊರಗುತ್ತದೆ. ಹಾಗಾಗಿ ತುಡುವೆಗೆ ನೆರಳು ತಡವಾದರೆ ಕುಟುಂಬವೇ ಇರುವುದಿಲ್ಲ.

ಆಮೇಲೆ ನಿಮ್ಮ ಸಮಯ. ಮನೆ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಇಟ್ಟವರು ದಿನಕ್ಕೆ ಎರಡು ಸಲ ನೀರು ಹಾಕಬಲ್ಲರು. ವಾರಕ್ಕೊಮ್ಮೆ ಹೊಲಕ್ಕೆ ಹೋಗುವವರು ದಿನವೂ ಕೈ ಬೇಡುವ ಉಪಾಯಕ್ಕೆ ಇಳಿಯಲೇಬಾರದು. ನೀರು ಕಂಡ ಕುಟುಂಬಕ್ಕೆ ನಡುವೆ ಎರಡು ದಿನ ನೀರು ತಪ್ಪಿದರೆ ಸಂಕಟ ಹೆಚ್ಚು.

ಕೊನೆಗೆ ಹಂಗಾಮು. ಮಲೆನಾಡು, ಕೊಡಗು, ಕರಾವಳಿಯಲ್ಲಿ ಬೇಸಿಗೆ ಜೇನು ತುಂಬುವ ಕಾಲ, ಅಲ್ಲಿ ಜೇನು ಹಣ್ಣಾಗುವುದಕ್ಕೆ (ನೀರಾರಿ ಗಟ್ಟಿಯಾಗುವುದಕ್ಕೆ) ಅಡ್ಡಿಯಾಗದ ತಂಪು ಬೇಕು. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಮುಗಿದ ಮೇಲೆ ಏಪ್ರಿಲ್, ಮೇ ಹೂವಿನ ಬರಗಾಲ. ಅಲ್ಲಿ ಕುಟುಂಬ ಮಳೆಗಾಲ ಮುಟ್ಟಿದರೆ ಸಾಕು ಎಂಬ ಲೆಕ್ಕದಲ್ಲಿ ಖರ್ಚು ಮಾಡಬೇಕು.

ಮರದ ನೆರಳು

ಇದಕ್ಕೆ ಸಮನಾದದ್ದು ಬೇರೆ ಇಲ್ಲ. ಮರ ಬಿಸಿಲು ತಡೆಯುವುದರ ಜೊತೆಗೆ ತಾನೂ ನೀರು ಆವಿ ಮಾಡಿ ಸುತ್ತಲ ಗಾಳಿಯನ್ನು ತಂಪಿಡುತ್ತದೆ, ಅದಕ್ಕೆ ದುಡ್ಡೂ ಇಲ್ಲ. ಆದರೆ ಮರ ಯಾವುದು ಎನ್ನುವುದನ್ನು ನೋಡಿಯೇ ಇಡಬೇಕು. ಹೊಂಗೆ, ಬೇವು ಎರಡೂ ಜೇನಿಗೆ ಒಳ್ಳೆಯ ಹೂ ಕೊಡುತ್ತವೆ, ಆದರೆ ಫೆಬ್ರವರಿ–ಮಾರ್ಚಿನಲ್ಲಿ ಎಲೆ ಉದುರಿಸಿ ಬರಿದಾಗುತ್ತವೆ. ಚಿಗುರು ಬಲಿಯುವವರೆಗೆ ಕೆಳಗಿನ ಪೆಟ್ಟಿಗೆಗೆ ಬಿಸಿಲೇ ಗತಿ. ಹುಣಸೆ, ನೇರಳೆ, ಹಲಸು, ಮಾವು ಬೇಸಿಗೆಯಲ್ಲೂ ದಟ್ಟವಾಗಿರುತ್ತವೆ. ಮಾವಿನ ತೋಪಾದರೆ ಹೂ ಬಿಡುವಾಗ ಜಿಗಿಹುಳುವಿಗೆ ಔಷಧಿ ಹೊಡೆಯುತ್ತಾರೋ ಇಲ್ಲವೋ ಕೇಳಿಕೊಂಡೇ ಇಡಿ. ತೆಂಗಿನ ಬುಡ ಬೇಡ, ಕಾಯಿ ಬಿದ್ದರೆ ಪೆಟ್ಟಿಗೆ ಒಡೆಯುತ್ತದೆ. ಅಡಿಕೆ ತೋಟದಲ್ಲಿ ಹಾಳೆ ಬೀಳುವ ಜಾಗ ತಪ್ಪಿಸಿ, ನಾಲ್ಕು ಮರಗಳ ನಡುವಿನ ಮಧ್ಯಕ್ಕೆ ಸ್ಟ್ಯಾಂಡ್ ನಿಲ್ಲಿಸಿ.

ಬೆಳಗಿನ ಎಳೆಬಿಸಿಲು ಬಾಗಿಲಿಗೆ ಬೀಳಲಿ, ನೊಣ ಬೇಗ ಕೆಲಸಕ್ಕೆ ಹೊರಡುತ್ತವೆ. ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ಒಂದು ಚೂರೂ ಬಿಸಿಲು ತಾಗಬಾರದು. ಜನವರಿಯಲ್ಲಿ ನೆರಳು ನೋಡಿ ಜಾಗ ಗೊತ್ತು ಮಾಡಿದರೆ ಮೋಸ ಹೋಗುತ್ತೀರಿ, ಏಪ್ರಿಲ್ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದು ನೆರಳು ಬೇರೆಡೆ ಬಿದ್ದಿರುತ್ತದೆ.

ಈಗಾಗಲೇ ಬಿಸಿಲಲ್ಲಿರುವ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಐವತ್ತು ಅಡಿ ಆಚೆಯ ಮರದ ಕೆಳಗೆ ಒಯ್ಯಬೇಡಿ. ಹೊರಗೆ ಹೋದ ನೊಣ ಹಳೆಯ ಜಾಗಕ್ಕೇ ಮರಳಿ ಸಾಯುತ್ತವೆ. ದಿನಕ್ಕೆ ಎರಡು ಮೂರು ಅಡಿ ಸರಿಸುತ್ತಾ ಹೋಗಬೇಕು, ಅದೂ ಕತ್ತಲಾದ ಮೇಲೆ. ಅಷ್ಟು ವ್ಯವಧಾನ ಇಲ್ಲವೆಂದರೆ ಮರದ ಆಸೆ ಬಿಟ್ಟು ಇದ್ದಲ್ಲೇ ಚಪ್ಪರ ಹಾಕುವುದು ಮೇಲು.

ಚಪ್ಪರವೋ ಶೇಡ್ ನೆಟ್ಟೋ

ಹೆಚ್ಚು ಜನ ಗೊಂದಲಕ್ಕೆ ಬೀಳುವುದು ಇಲ್ಲಿ. ನೆಟ್ ಬೇಗ ಕಟ್ಟಬಹುದು, ಸುತ್ತಿಟ್ಟು ಹಲವು ಬೇಸಿಗೆ ಬಳಸಬಹುದು, ಪೆಟ್ಟಿಗೆ ಸಾಗಿಸುವಾಗ ಜೊತೆಗೇ ಒಯ್ಯಬಹುದು. ಚಪ್ಪರ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ, ಪ್ರತಿವರ್ಷ ಕೂಲಿ ಬೇಡುತ್ತದೆ. ತಂಪಿನ ಮಟ್ಟಿಗೆ ಮಾತ್ರ ಚಪ್ಪರವೇ ಮುಂದೆ. ಶೇ. 75ರ ನೆಟ್ ಎಂದರೆ ಬಿಸಿಲಿನ ಕಾಲುಭಾಗ ಕೆಳಗೆ ಇಳಿದೇ ಇಳಿಯುತ್ತದೆ, ಜೊತೆಗೆ ನೆಟ್ ತಾನೇ ಕಾದು ಕೆಳಕ್ಕೆ ಶಾಖ ಬಿಡುತ್ತದೆ. ನಾಲ್ಕು ಬೆರಳು ದಪ್ಪದ ಗರಿ ಅಥವಾ ಹುಲ್ಲಿನ ಹೊದಿಕೆಯ ಅಡಿಭಾಗ ಮಧ್ಯಾಹ್ನವೂ ಬಿಸಿಯಾಗುವುದಿಲ್ಲ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ.

ಚಪ್ಪರಕ್ಕೆ ಹೊಸ ಸಾಮಾನು ಕೊಳ್ಳುವ ಅಗತ್ಯ ಬೀಳುವುದು ಕಡಿಮೆ. ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ, ಬಯಲಿನಲ್ಲಿ ಜೋಳದ ದಂಟು, ಕಬ್ಬಿನ ರವದಿ, ಭತ್ತದ ಹುಲ್ಲು. ನಾಲ್ಕು ಅಡಿ ಅಂತರದಲ್ಲಿ ಐದು ಪೆಟ್ಟಿಗೆ ಸಾಲಾಗಿ ನಿಲ್ಲಬೇಕಾದರೆ ಇಪ್ಪತ್ತು ಅಡಿ ಉದ್ದ, ಆರು ಅಡಿ ಅಗಲ ಸಾಕು. ಎತ್ತರ ಮುಂದೆ ಏಳು ಅಡಿ, ಹಿಂದೆ ಆರು. ಪೆಟ್ಟಿಗೆಯ ಮುಚ್ಚಳಕ್ಕೂ ಚಪ್ಪರಕ್ಕೂ ಎರಡು ಅಡಿಯಾದರೂ ಗಾಳಿಯಾಡುವ ಜಾಗ ಇರಬೇಕು, ನೀವೂ ಬಗ್ಗದೆ ಎರಿ ಎತ್ತಿ ನೋಡುವಂತಿರಬೇಕು. ಎಲ್ಲರೂ ಮರೆಯುವ ಸಂಗತಿ ಪಡುವಣ ಗೋಡೆ. ಎರಡರಿಂದ ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ಪಶ್ಚಿಮದಿಂದ ಬಂದು ಪೆಟ್ಟಿಗೆಯ ಪಕ್ಕಕ್ಕೆ ಹೊಡೆಯುತ್ತದೆ. ಮೇಲೆ ಎಷ್ಟೇ ದಪ್ಪ ಹೊದಿಕೆ ಇದ್ದರೂ ಅದು ಈ ಬಿಸಿಲನ್ನು ತಡೆಯುವುದಿಲ್ಲ. ಪಶ್ಚಿಮಕ್ಕೆ ನೆಲದಿಂದ ಒಂದು ಅಡಿ ಬಿಟ್ಟು ನಾಲ್ಕಡಿ ಎತ್ತರದ ತಟ್ಟಿ ಕಟ್ಟಿ, ಬಾಗಿಲು ಪೂರ್ವಕ್ಕಿರಲಿ. ಬೆಂಕಿಯ ಭಯವನ್ನೂ ಮರೆಯಬಾರದು: ಪಕ್ಕದ ಹೊಲದಲ್ಲಿ ರವದಿ ಸುಡುವ ರೂಢಿ ಇದ್ದರೆ ಸುತ್ತ ಹತ್ತು ಅಡಿ ಕಸ ಕೆರೆದು ಬೋಳು ಮಾಡಿ, ಇಲ್ಲವೇ ನೆಟ್ಟಿಗೆ ಹೋಗಿ.

ನೆಟ್ ಆರಿಸಿದವರು ಅದನ್ನು ಪೆಟ್ಟಿಗೆಯ ಮೇಲೆ ಹೊದಿಸಬೇಡಿ. ನೆಟ್ಟಿನ ಕಣ್ಣಿಗೆ ನೊಣ ಸಿಕ್ಕಿಕೊಳ್ಳುತ್ತವೆ, ಗಾಳಿಯೂ ಕಟ್ಟುತ್ತದೆ. ಮುಚ್ಚಳದಿಂದ ನಾಲ್ಕು ಅಡಿ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಎರಡು ಪದರ ಹಾಕುವುದಾದರೆ ನಡುವೆ ಒಂದು ಅಡಿ ಅಂತರ ಬಿಡಿ. ಒಂದರ ಮೇಲೊಂದು ಅಂಟಿದ ಪದರಗಳು ಒಂದೇ ಪದರದಂತೆ ಕಾಯುತ್ತವೆ. ಕಪ್ಪಿಗಿಂತ ಬಿಳಿ ಒಳ್ಳೆಯದು.

ಮುಚ್ಚಳಕ್ಕೆ ಬಣ್ಣ, ಥರ್ಮಾಕೋಲ್

ಸಾಗಿಸುತ್ತಲೇ ಇರುವವರಿಗೆ, ಜಾಗ ತಮ್ಮದಲ್ಲದವರಿಗೆ ಇದು ಹೊಂದುತ್ತದೆ. ಮೆಲ್ಲಿಫೆರಾ ಪೆಟ್ಟಿಗೆಯ ಹೊರಮುಚ್ಚಳಕ್ಕೆ ಸಾಮಾನ್ಯವಾಗಿ ತಗಡು ಹೊಡೆದಿರುತ್ತಾರೆ. ಮಳೆಗೆ ಅದು ಬೇಕು, ಬಿಸಿಲಿಗೆ ಅದೇ ಕೇಡು. ತುಕ್ಕು ಉಜ್ಜಿ ತೆಗೆದು ಎರಡು ಕೋಟು ಬಿಳಿ ಬಣ್ಣ ಹೊಡೆಯುವುದು ಈ ಪಟ್ಟಿಯಲ್ಲೇ ಅತಿ ಅಗ್ಗದ ಕೆಲಸ, ಬೇರೆ ಏನು ಮಾಡಲಿ ಬಿಡಲಿ ಇದನ್ನು ಮಾಡಿಯೇಬಿಡಿ.

ಥರ್ಮಾಕೋಲ್ ಆದರೆ ಒಂದು ಇಂಚು ದಪ್ಪದ ಹಾಳೆಯನ್ನು ಹೊರಮುಚ್ಚಳದ ಒಳಗಡೆಗೆ ಸರಿಯಾಗಿ ಕೂರುವಂತೆ ಕತ್ತರಿಸಿ, ಕೆಳಗಿನ ಮೈಗೆ ತೆಳು ಪ್ಲೈವುಡ್ ಅಥವಾ ಗಟ್ಟಿ ಬಟ್ಟೆ ಹೊಚ್ಚಿ. ನೊಣಗಳಿಗೆ ಅದು ಸಿಗುವಂತಿದ್ದರೆ ಕಚ್ಚಿ ಪುಡಿ ಮಾಡುತ್ತವೆ. ಬಾಗಿಲ ಮುಂದೆ ಬಿಳಿ ಕಾಳು ಉದುರಿದ್ದರೆ ಮುಚ್ಚಳ ತೆಗೆದು ನೋಡಬೇಕು. ಇರುವೆಗಳೂ ಅದರೊಳಗೆ ಬಿಲ ಕೊರೆದು ಮನೆ ಮಾಡುತ್ತವೆ, ತುಡುವೆ ಸಾಕುವವರು ಹದಿನೈದು ದಿನಕ್ಕೊಮ್ಮೆ ಎತ್ತಿ ನೋಡುವುದು ಒಳ್ಳೆಯದು. ಥರ್ಮಾಕೋಲ್ ಬೇಡವೆನಿಸಿದರೆ ಇನ್ನೊಂದು ದಾರಿ: ಮುಚ್ಚಳದ ಮೇಲೆ ಒಂದು ಇಂಚಿನ ಎರಡು ರೀಪು ಇಟ್ಟು, ಅದರ ಮೇಲೆ ನಾಲ್ಕೂ ಕಡೆ ಅರ್ಧ ಅಡಿ ಚಾಚುವಂತೆ ಹಳೆಯ ಶೀಟು ಹಾಕಿ ಕಲ್ಲು ಹೇರಿ. ನಡುವಿನ ಗಾಳಿ ಬಿಸಿಯನ್ನು ಕೆಳಗೆ ಬಿಡುವುದಿಲ್ಲ.

ಇದರ ಮಿತಿ ಸ್ಪಷ್ಟ. ಮೇಲಿನಿಂದ ಬರುವ ಶಾಖ ತಡೆಯುತ್ತದೆ, ಪಕ್ಕದ ಹಲಗೆಗೆ ಬೀಳುವ ಬಿಸಿಲನ್ನಲ್ಲ. ಮುಕ್ಕಾಲು ಇಂಚಿಗಿಂತ ತೆಳುವಾದ ಹಲಗೆಯ ಪೆಟ್ಟಿಗೆಗೆ ಮುಚ್ಚಳ ಒಂದನ್ನೇ ನಂಬಬಾರದು.

ಒದ್ದೆ ಗೋಣಿ

ರಾಯಚೂರು, ಕಲಬುರಗಿ, ವಿಜಯಪುರ, ಬಾಗಲಕೋಟೆಯ ಒಣ ಬಿಸಿಲಿಗೆ ಇದರಷ್ಟು ತಂಪು ಕೊಡುವುದು ಬೇರೊಂದಿಲ್ಲ. ಮಂಗಳೂರು, ಕಾರವಾರಕ್ಕೆ ಇದು ಬೇಡವೇ ಬೇಡ. ತೇವ ತುಂಬಿದ ಗಾಳಿಯಲ್ಲಿ ಗೋಣಿ ಒಣಗುವುದಿಲ್ಲ, ಒಣಗದಿದ್ದರೆ ತಂಪಿಲ್ಲ. ಹಲಗೆ ಕೊಳೆತು, ಪಕ್ಕದ ಎರಿಗೆ ಬೂಷ್ಟು ಬಂದು, ಕಣದಲ್ಲಿರುವ ಜೇನು ನೀರಾಗಿಯೇ ಉಳಿಯುತ್ತದೆ.

ಗೋಣಿ ಸೆಣಬಿನದೇ ಆಗಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲ ನೀರು ಹಿಡಿಯುವುದಿಲ್ಲ. ಔಷಧಿ ಹಾಕಿಟ್ಟ ಬೀಜದ ಚೀಲವಂತೂ ವಿಷ, ಯಾಕೆಂದರೆ ನೊಣ ಬಂದು ಆ ಗೋಣಿಯ ತೇವವನ್ನೇ ಹೀರುತ್ತವೆ. ಹೊಸ ಗೋಣಿಯನ್ನು ಎರಡು ಸಲ ಒಗೆದು ಎಣ್ಣೆ ವಾಸನೆ ಕಳೆಯಿರಿ. ಮುಚ್ಚಳದ ಮೇಲೆ ಎರಡು ಇಂಚು ಹುಲ್ಲು, ಅದರ ಮೇಲೆ ಎರಡು ಮಡಿಕೆ ಗೋಣಿ ಹಾಸಿ ಪಕ್ಕಗಳಿಗೆ ಇಳಿಬಿಡಿ. ಬಾಗಿಲಿರುವ ಮುಂಭಾಗ ಪೂರ್ತಿ ತೆರೆದಿರಲಿ. ಇದಕ್ಕಿಂತಲೂ ಒಳ್ಳೆಯದು, ಪಶ್ಚಿಮದ ತಟ್ಟಿಗೆ ಪೆಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಗೋಣಿ ತೂಗುಹಾಕುವುದು. ಗಾಳಿ ಅದರ ಮೂಲಕ ಹಾದು ತಂಪಾಗಿ ಬರುತ್ತದೆ, ಹಲಗೆಯೂ ನೆನೆಯುವುದಿಲ್ಲ.

ಹನ್ನೊಂದಕ್ಕೆ ಒಮ್ಮೆ, ಒಂದೂವರೆಗೆ ಒಮ್ಮೆ, ಬಿಸಿಗಾಳಿ ಇದ್ದರೆ ಮೂರೂವರೆಗೆ ಇನ್ನೊಮ್ಮೆ ನೆನೆಸಬೇಕು. ಸಂಜೆ ನೆನೆಸಬೇಡಿ. ದಿನವೂ ಆಗುವುದಿಲ್ಲವೆಂದು ಡ್ರಿಪ್ ಎಳೆಯುವವರು ಲೆಕ್ಕ ಹಾಕಿಕೊಳ್ಳಿ: ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಐದು ಗಂಟೆ ಓಡಿದರೆ ಪೆಟ್ಟಿಗೆಗೆ ಹತ್ತು ಲೀಟರ್, ಐವತ್ತು ಪೆಟ್ಟಿಗೆಗೆ ಐನೂರು ಲೀಟರ್. ಟ್ಯಾಂಕರ್ ನೀರು ಕುಡಿಯುವ ಊರಿನಲ್ಲಿ ಇದು ನಡೆಯುವ ಮಾತಲ್ಲ. ಅಲ್ಲಿ ಚಪ್ಪರವೇ ಸರಿ.

ಗಾಳಿ, ಜಾಗ

ಬೇಸಿಗೆಗೆಂದು ಮುಚ್ಚಳಕ್ಕೆ ದೊಡ್ಡ ತೂತು ಕೊರೆಯುವುದು, ಮುಚ್ಚಳವನ್ನು ಒಂದು ಇಂಚು ಎತ್ತಿಡುವುದು ರೂಢಿಯಲ್ಲಿದೆ. 33–34 ಡಿಗ್ರಿ ದಾಟದ ಮಲೆನಾಡಿನಲ್ಲಿ ಸ್ವಲ್ಪ ಗಾಳಿ ಒಳ್ಳೆಯದೇ. ಆದರೆ 40 ಡಿಗ್ರಿಯ ಸೀಮೆಯಲ್ಲಿ ಮೇಲಿನ ತೂತು ಹೆಚ್ಚಾದಷ್ಟು ಒಣಗಾಳಿ ನುಗ್ಗಿ, ನೊಣ ಕಷ್ಟಪಟ್ಟು ಮಾಡಿಕೊಂಡ ತೇವ ಹಾರಿಹೋಗುತ್ತದೆ. ಬಾಗಿಲಿನ ಅಡ್ಡಪಟ್ಟಿ ತೆಗೆದು ಪೂರ್ತಿ ತೆರೆದು, ಒಳಮುಚ್ಚಳದ ತೂತಿಗೆ ಜಾಲರಿ ಹೊಡೆದು, ಹೊರಮುಚ್ಚಳದ ಒಂದು ಅಂಚಿಗೆ ಬೆಂಕಿಕಡ್ಡಿ ದಪ್ಪದ ಸಂದು ಕೊಟ್ಟರೆ ಅಲ್ಲಿಗೆ ನಿಲ್ಲಿಸಿ. ಕುಟುಂಬ ದುರ್ಬಲವಾಗಿದ್ದರೆ ಬಾಗಿಲು ಅರ್ಧವೇ ಇರಲಿ, ಇಲ್ಲದಿದ್ದರೆ ಬರಗಾಲದಲ್ಲಿ ಬೇರೆ ಪೆಟ್ಟಿಗೆಯ ನೊಣ ಬಂದು ಕೊಳ್ಳೆ ಹೊಡೆಯುತ್ತವೆ.

ಜಾಗದ ವಿಷಯದಲ್ಲಿ ಎರಡು ಸೀಮೆಗೆ ಎರಡು ನಿಯಮ. ಜೇನು ಬರುತ್ತಿರುವಲ್ಲಿ ಜೇನು ಕೋಣೆ (ಜೇನು ತುಂಬುವ ಮೇಲಿನ ಕೋಣೆ) ಹತ್ತಿಸಿ, ಹತ್ತು ಚೌಕಟ್ಟಿನ ಕೋಣೆಗೆ ಒಂಬತ್ತೇ ಹಾಕಿ ನಡುವೆ ಸಡಿಲ ಬಿಡಿ. ಬರಗಾಲವಿರುವಲ್ಲಿ ತದ್ವಿರುದ್ಧ: ನೊಣ ಮುಚ್ಚದ ಖಾಲಿ ಎರಿ ತೆಗೆದುಬಿಡಿ, ಅಲ್ಲಿ ಮೇಣದ ಹುಳು ಸೇರುತ್ತದೆ. ಮೇಣ ಕರಗುವುದು 62–64 ಡಿಗ್ರಿಗಾದರೂ 40 ದಾಟಿದ ಮೇಲೆ ಮೆತ್ತಗಾಗುತ್ತಾ ಹೋಗುತ್ತದೆ. ಜೇನು ತುಂಬಿದ ಹೊಸ ಎರಿ ತನ್ನ ಭಾರಕ್ಕೇ ಕಳಚಿ ಬಿದ್ದು ನೂರಾರು ನೊಣ ಅಂಟಿ ಸಾಯುವುದು ಇದೇ ಕಾರಣಕ್ಕೆ. ಸುಡುಮಧ್ಯಾಹ್ನ ಎರಿ ಎತ್ತಿ ನೋಡಬೇಡಿ, ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ.

ನೀರು ಯಾರಿಗೂ ಬಿಡದ ಖರ್ಚು

ಮೇಲಿನದರಲ್ಲಿ ಯಾವುದನ್ನೇ ಆರಿಸಿ, ನೀರಿನ ತಟ್ಟೆ ಇರಲೇಬೇಕು. ಫೆಬ್ರವರಿಯಲ್ಲೇ ಇಡಿ, ಒಮ್ಮೆ ಪಕ್ಕದ ಮನೆಯ ತೊಟ್ಟಿಗೆ ಅಭ್ಯಾಸವಾದ ನೊಣವನ್ನು ತಿರುಗಿಸುವುದು ಕಷ್ಟ. ಅಗಲವಾದ ಮಣ್ಣಿನ ತಟ್ಟೆಗೆ ಜಲ್ಲಿ ತುಂಬಿ, ಕಲ್ಲಿನ ತಲೆ ಮೇಲೆ ಕಾಣುವಷ್ಟೇ ನೀರು ಹಾಕಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಪೆಟ್ಟಿಗೆಗಳಿಂದ ಇಪ್ಪತ್ತು ಮೂವತ್ತು ಅಡಿ ದೂರ, ನೆರಳಲ್ಲಿ, ಹಾರುವ ದಾರಿಯ ಕೆಳಗಲ್ಲದಂತೆ ಇರಲಿ. ದಾರಿಯ ಕೆಳಗಿದ್ದರೆ ಹಿಕ್ಕೆ ಬಿದ್ದು ರೋಗ ಹರಡುತ್ತದೆ. ಹತ್ತು ಮೆಲ್ಲಿಫೆರಾ ಪೆಟ್ಟಿಗೆಗೆ ದಿನಕ್ಕೆ ಹನ್ನೆರಡು ಲೀಟರ್ ಎಂದು ಹಿಡಿಯಿರಿ, ತುಡುವೆಗೆ ಅದರ ಅರ್ಧ ಸಾಕು. ಸಕ್ಕರೆ ಪಾಕವನ್ನು ಮಾತ್ರ ಹೀಗೆ ಬಯಲಲ್ಲಿ ಇಡಬಾರದು. ಸಕ್ಕರೆ ಒಂದು ಭಾಗ, ನೀರು ಒಂದು ಭಾಗ ಕಲಸಿದ ಪಾಕವನ್ನು ಸಂಜೆ ಪೆಟ್ಟಿಗೆಯೊಳಗೇ ಕೊಡಬೇಕು.

ಸ್ಟ್ಯಾಂಡಿನ ಕಾಲಿನ ಬಟ್ಟಲುಗಳನ್ನೂ ಇದೇ ಸುತ್ತಿನಲ್ಲಿ ತುಂಬಿಸಿ. ಬೇಸಿಗೆಯಲ್ಲಿ ಅವು ಎರಡೇ ದಿನಕ್ಕೆ ಒಣಗುತ್ತವೆ, ಇರುವೆ ಹತ್ತುವುದು ಆಗಲೇ.

ಪೆಟ್ಟಿಗೆ ಸಾಗಿಸುವುದು

ಐವತ್ತಕ್ಕೂ ಹೆಚ್ಚು ಮೆಲ್ಲಿಫೆರಾ ಇರುವವರಿಗೆ ಇದು ತಂಪಿನ ಜೊತೆ ಆದಾಯವೂ ಹೌದು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟದಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ ಹೂವಿರುವುದು ಕೆಲವೇ ದಿನ, ಮಾಲೀಕರೊಂದಿಗೆ ಔಷಧಿ ಹೊಡೆಯುವ ದಿನವೂ ಸೇರಿ ಮೊದಲೇ ಮಾತಾಗಿರಬೇಕು. ಹೊರಡುವ ಮುಂಚೆ ಜೇನು ತೆಗೆದು ಎರಿ ಹಗುರ ಮಾಡಿ, ಕತ್ತಲಾದ ಮೇಲೆ ಬಾಗಿಲಿಗೆ ತಂತಿ ಜಾಲರಿ ಹೊಡೆದು, ಮೇಲಿನ ಮುಚ್ಚಳದ ಜಾಗದಲ್ಲೂ ಜಾಲರಿಯ ಚೌಕಟ್ಟು ಹಾಕಿ, ಬೆಳಗಾಗುವುದರೊಳಗೆ ಇಳಿಸಬೇಕು. ಲಾರಿ ಬಿಸಿಲಲ್ಲಿ ಒಂದು ಗಂಟೆ ನಿಂತರೆ ನೊಣ ಗಾಬರಿಯಲ್ಲಿ ಬಾಗಿಲಿಗೆ ನುಗ್ಗಿ, ಉಸಿರುಗಟ್ಟಿ ರಾಶಿರಾಶಿ ಸಾಯುತ್ತವೆ.

ಹತ್ತು ಪೆಟ್ಟಿಗೆಯವರಿಗೆ ಬಾಡಿಗೆಯೇ ದಕ್ಕುವುದಿಲ್ಲ. ತುಡುವೆಯನ್ನಂತೂ ತಂಪಿಗೆಂದು ದೂರ ಸಾಗಿಸುವುದನ್ನು ನಾವು ಹೇಳುವುದಿಲ್ಲ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಮರಿಗಳನ್ನು ಕೊಲ್ಲುವ ಅಂಟುರೋಗ ಕರ್ನಾಟಕದ ತುಡುವೆಯನ್ನು ಬಹುಪಾಲು ಬರಿದು ಮಾಡಿತ್ತು. ನೀರು ತುಂಬಿದ ಚೀಲದಂತೆ ಸತ್ತ ಮರಿ ಕಣದಲ್ಲಿ ಕಂಡ ಪೆಟ್ಟಿಗೆಯನ್ನು ಇದ್ದಲ್ಲಿಂದ ಕದಲಿಸಲೇಬಾರದು.

ಯಾರಿಗೆ ಯಾವುದು

ಕರಾವಳಿ, ಮಲೆನಾಡಿನ ತೋಟದಲ್ಲಿ ತುಡುವೆ ಇರುವವರಿಗೆ ನಿತ್ಯಹಸಿರಿನ ನೆರಳು, ನೀರಿನ ತಟ್ಟೆ, ಇರುವೆಯ ಬಟ್ಟಲು ಇಷ್ಟೇ ಸಾಕು. ದುಡ್ಡು ಉಳಿಸಿ, ಗೋಣಿಯ ಹತ್ತಿರ ಹೋಗಬೇಡಿ. ಮೈಸೂರು, ಕೋಲಾರ, ತುಮಕೂರಿನ ಕಡೆ ಐದು–ಹತ್ತು ಪೆಟ್ಟಿಗೆಯವರು ಮುಚ್ಚಳಕ್ಕೆ ಬಿಳಿ ಬಣ್ಣ, ಪಡುವಣ ತಟ್ಟಿಯಿರುವ ಚಪ್ಪರ ಮಾಡಿದರೆ ಥರ್ಮಾಕೋಲ್ ಬೇಕಾಗುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಮನೆಯ ಹತ್ತಿರ ಪೆಟ್ಟಿಗೆ ಇದ್ದು ಬೋರಿನಲ್ಲಿ ನೀರಿದ್ದರೆ ಚಪ್ಪರಕ್ಕೆ ಒದ್ದೆ ಗೋಣಿ ಸೇರಿಸಿ. ದೂರದ ಹೊಲದಲ್ಲಿದ್ದರೆ ದಪ್ಪ ಚಪ್ಪರ, ಥರ್ಮಾಕೋಲ್ ಮುಚ್ಚಳ, ನಾಲ್ಕೈದು ದಿನಕ್ಕೆ ಸಾಲುವ ಡ್ರಮ್ಮಿನಿಂದ ತಟ್ಟೆಗೆ ಹನಿಯುವ ನಲ್ಲಿ. ಊರೂರು ಸುತ್ತುವವರಿಗೆ ಥರ್ಮಾಕೋಲ್ ಮುಚ್ಚಳ ಮತ್ತು ಬಿಳಿ ನೆಟ್.

ಆರಿಸಿದ್ದು ಸರಿಯೋ ಎಂದು ತಿಳಿಯಲು ಮಧ್ಯಾಹ್ನ ಎರಡಕ್ಕೆ ಬಾಗಿಲ ಪಕ್ಕ ಹತ್ತು ನಿಮಿಷ ಕೂರಿ. ಸಂಜೆ ನೊಣ ಗಡ್ಡದಂತೆ ಜೋತಾಡಿದರೆ ಅದು ಸಹಜ. ಎರಡು ಗಂಟೆಗೂ ಅರ್ಧ ಕುಟುಂಬ ಹೊರಗಿದ್ದರೆ ತಂಪು ಸಾಲದು. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ನೊಣ ಬೆಳಗ್ಗೆ ಕಂಡರೆ ಒಳಗೆ ಮರಿ ಬೆಳೆಯುತ್ತಿದೆ. ತುಡುವೆಯಲ್ಲಿ ಪರಾಗ ಬರುವುದು ನಿಂತು, ಎರಿಯಲ್ಲಿ ಮೊಟ್ಟೆಯೂ ಜೇನೂ ಕಾಣದಿದ್ದರೆ ಹಾರಲು ಸಿದ್ಧವಾಗಿದೆ ಎಂದೇ ಅರ್ಥ. ಅವತ್ತೇ ಸಂಜೆ ಪಾಕ ಕೊಟ್ಟು, ಮರಿಯಿರುವ ಎರಿ ಒಂದನ್ನು ರೋಗವಿಲ್ಲದ ಬೇರೆ ಪೆಟ್ಟಿಗೆಯಿಂದ ತಂದು ಹಾಕಿ.

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಗೋಣಿ, ಹುಲ್ಲು ತೆಗೆದುಬಿಡಿ. ಥರ್ಮಾಕೋಲ್ ಇರಲಿ, ಮಳೆಗಾಲದ ಚಳಿಗೂ ಅದು ಬೇಕಾಗುತ್ತದೆ. ಸ್ಟ್ಯಾಂಡಿನ ಹಿಂಗಾಲಿಗೆ ಅರ್ಧ ಇಂಚಿನ ಚಕ್ಕೆ ಕೊಟ್ಟು ಪೆಟ್ಟಿಗೆಯನ್ನು ಮುಂದಕ್ಕೆ ಬಾಗಿಸಿ, ಒಳಗೆ ಬಿದ್ದ ನೀರು ಬಾಗಿಲಿನಿಂದಲೇ ಇಳಿದು ಹೋಗುತ್ತದೆ.